ಗ್ಯಾಂಡರ್‌ಗೆ ಬಂದಿಳಿದ ಅಪರಿಚಿತರು: ಸಣ್ಣ ಉಪಕಾರಗಳು ಮತ್ತು ಅವು ಉಳಿಸಿದ ಋಣ

ಅಪರಿಚಿತರು ಒಬ್ಬರಿಗೊಬ್ಬರು ಮಾಡುವ ಸಣ್ಣ ಉಪಕಾರವನ್ನು ಅಧ್ಯಯನಕ್ಕೆ ಒಳಪಡಿಸುವುದು ಸುಲಭವಲ್ಲ. ದಾರಿ ತೋರಿಸಿದವರು ತಿರುವಿನಲ್ಲಿ ಮರೆಯಾಗುತ್ತಾರೆ, ಸಹಾಯ ಪಡೆದವರು ಒಂದು ಮಾತಿನಲ್ಲಿ ಕೃತಜ್ಞತೆ ಹೇಳಿ ಮುಂದೆ ಸಾಗುತ್ತಾರೆ, ಆಮೇಲೆ ಆ ಉಪಕಾರ ಏನಾಯಿತು ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. 2001ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಗ್ಯಾಂಡರ್ ಎಂಬ ಸಣ್ಣ ಊರಿನಲ್ಲಿ ನಡೆದದ್ದು ಇದಕ್ಕೆ ಹೊರತಾದ ಪ್ರಕರಣ. ಯಾರು ಬಂದರು, ಎಷ್ಟು ಜನ ಬಂದರು, ಎಲ್ಲಿ ತಂಗಿದರು, ಯಾವ ಯಾವ ಬಗೆಯ ನೆರವು ಸಿಕ್ಕಿತು, ಊರಿಗೆ ಮರಳಿದ ಮೇಲೆ ಅವರು ಏನು ಮಾಡಿದರು ಎಂಬುದೆಲ್ಲ ಇಲ್ಲಿ ಬಹುಮಟ್ಟಿಗೆ ದಾಖಲಾಗಿದೆ. ಉಪಕಾರ ಪಡೆದವರ ಕೃತಜ್ಞತೆ ವರ್ಷಗಳ ಉದ್ದಕ್ಕೂ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣಗಳು ವಿರಳ.

ಹಿನ್ನೆಲೆ

ಸೆಪ್ಟೆಂಬರ್ 11ರ ಬೆಳಗ್ಗೆ ನ್ಯೂಯಾರ್ಕ್‌ನ ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳ ಮೇಲೆ ದಾಳಿ ನಡೆದ ನಂತರ, 9.45ರ ಸುಮಾರಿಗೆ ಅಮೆರಿಕದ ವಿಮಾನಯಾನ ಆಡಳಿತವು ದೇಶದ ಆಕಾಶದಲ್ಲಿದ್ದ ಎಲ್ಲ ನಾಗರಿಕ ವಿಮಾನಗಳೂ ಕೂಡಲೇ ಕೆಳಗಿಳಿಯಬೇಕೆಂದು ಆದೇಶಿಸಿತು. ಹೊರದೇಶಗಳಿಂದ ಬರುವ ವಿಮಾನಗಳಿಗೂ ಬಾಗಿಲು ಮುಚ್ಚಿತು. ಆ ಹೊತ್ತಿನಲ್ಲಿ ಯೂರೋಪಿನಿಂದ ಹೊರಟ ನೂರಾರು ವಿಮಾನಗಳು ಅಟ್ಲಾಂಟಿಕ್ ಸಾಗರದ ಮೇಲಿದ್ದವು. ಅರ್ಧ ದಾರಿ ದಾಟದವು ಹಿಂದಿರುಗಿದವು. ಹಿಂದಿರುಗುವಷ್ಟು ಇಂಧನವಿಲ್ಲದ, ಮುಂದೆ ಹೋಗಲು ಅನುಮತಿಯೂ ಇಲ್ಲದ ಇನ್ನೂರಕ್ಕೂ ಹೆಚ್ಚು ವಿಮಾನಗಳನ್ನು ಕೆನಡಾ ತನ್ನ ನಿಲ್ದಾಣಗಳಿಗೆ ಬರಮಾಡಿಕೊಂಡಿತು. ಆ ಕಾರ್ಯಾಚರಣೆಗೆ ಅದು ಕೊಟ್ಟ ಹೆಸರು ‘ಆಪರೇಷನ್ ಯೆಲ್ಲೋ ರಿಬ್ಬನ್’.

ಅವುಗಳಲ್ಲಿ 38 ವಿಮಾನಗಳು ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಗ್ಯಾಂಡರ್‌ನಲ್ಲಿ ಇಳಿದವು. ಊರಿನ ಜನಸಂಖ್ಯೆ ಸುಮಾರು 10,000. ಕೆಲವೇ ಗಂಟೆಗಳಲ್ಲಿ ಆಕಾಶದಿಂದ ಬಂದವರು ಸುಮಾರು 6,600. ಇಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ವಿಮಾನಗಳು ಇಳಿಯಬಲ್ಲ ರನ್‌ವೇ ಇದ್ದದ್ದು ಆಕಸ್ಮಿಕವಲ್ಲ. 1938ರಲ್ಲಿ ಕಾರ್ಯಾರಂಭ ಮಾಡಿದ ಈ ನಿಲ್ದಾಣ ಎರಡನೆಯ ಮಹಾಯುದ್ಧದಲ್ಲಿ ಯೂರೋಪಿಗೆ ಸಾಗುವ ಯುದ್ಧವಿಮಾನಗಳ ತಂಗುದಾಣವಾಗಿತ್ತು. ಯುದ್ಧದ ನಂತರ, ಸಾಗರವನ್ನು ಒಂದೇ ಹಾರಾಟದಲ್ಲಿ ದಾಟಲಾಗದ ಪ್ರಯಾಣಿಕ ವಿಮಾನಗಳಲ್ಲಿ ಬಹಳಷ್ಟು ಇಂಧನಕ್ಕಾಗಿ ಇಲ್ಲಿ ನಿಲ್ಲುತ್ತಿದ್ದವು. ಜೆಟ್ ವಿಮಾನಗಳು ಬಂದ ಮೇಲೆ ನಿಲ್ಲುವ ಅಗತ್ಯ ತಪ್ಪಿತು. ಊರು ಹುಟ್ಟಿದ್ದೇ ನಿಲ್ದಾಣಕ್ಕಾಗಿ, ಅದರ ಬೀದಿಗಳಿಗೆ ಇರುವುದು ವೈಮಾನಿಕರ ಹೆಸರು, ಆದರೆ ವಿಮಾನಗಳು ಮಾತ್ರ ಮೇಲಿನಿಂದಲೇ ಹಾದುಹೋಗುತ್ತಿದ್ದವು.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಈ ಪ್ರಕರಣದ ಬಗ್ಗೆ ಬರೆಯುವವರಲ್ಲಿ ಹಲವರು ಅದನ್ನು ಬಿಟ್ಟುಬಿಡುತ್ತಾರೆ. 1985ರ ಡಿಸೆಂಬರ್ 12ರಂದು ಗ್ಯಾಂಡರ್‌ನಿಂದ ಮೇಲೇರಿದ ಒಂದು ವಿಮಾನ ಕ್ಷಣಮಾತ್ರದಲ್ಲಿ ನೆಲಕ್ಕಪ್ಪಳಿಸಿ 256 ಮಂದಿ ಸತ್ತರು. ಅವರಲ್ಲಿ 248 ಮಂದಿ ಸಿನಾಯ್‌ನಲ್ಲಿ ಸೇವೆ ಮುಗಿಸಿ ಕ್ರಿಸ್‌ಮಸ್‌ಗೆ ಮನೆಗೆ ಹೊರಟಿದ್ದ ಅಮೆರಿಕದ ಸೈನಿಕರು. ಯಾರದೋ ಮಕ್ಕಳು ತಮ್ಮ ಊರಿನ ಹೊರವಲಯದಲ್ಲಿ ಸತ್ತದ್ದನ್ನು ಕಂಡಿದ್ದ ಊರು ಅದು. ದೂರದವರ ದುಃಖ ತಮ್ಮ ಅಂಗಳಕ್ಕೆ ಬಂದು ಬೀಳಬಹುದೆಂಬುದು ಅಲ್ಲಿನವರಿಗೆ ಹೊಸ ತಿಳಿವಳಿಕೆಯಾಗಿರಲಿಲ್ಲ.

ವಿಮಾನದೊಳಗೆ

ಇಳಿದ ಕೂಡಲೇ ಯಾರಿಗೂ ಹೊರಬರಲು ಅನುಮತಿ ಇರಲಿಲ್ಲ. ಯಾವ ವಿಮಾನದಲ್ಲಿ ಯಾರಿದ್ದಾರೆ, ಇನ್ನೊಂದು ದಾಳಿಗೆ ಸಜ್ಜಾಗಿ ಬಂದವರು ಯಾರಾದರೂ ಇದ್ದಾರೆಯೆ ಎಂಬುದು ಯಾರಿಗೂ ತಿಳಿಯದ ಹೊತ್ತು ಅದು. ಒಂದೊಂದೇ ವಿಮಾನವನ್ನು ಖಾಲಿ ಮಾಡಿಸಿ ಪ್ರತಿಯೊಬ್ಬರನ್ನೂ ತಪಾಸಣೆಗೆ ಒಳಪಡಿಸಬೇಕಾಗಿದ್ದರಿಂದ ಹಲವು ವಿಮಾನಗಳವರು ಇಡೀ ರಾತ್ರಿಯನ್ನು ಆಸನದಲ್ಲಿಯೇ ಕಳೆದರು. ಪ್ಯಾರಿಸ್‌ನಿಂದ ಡಲ್ಲಾಸ್‌ಗೆ ಹೊರಟಿದ್ದ ಒಂದು ವಿಮಾನದ ಪ್ರಯಾಣಿಕರು ಒಳಗೆ ಕುಳಿತದ್ದು, ಹಾರಾಟದ ಸಮಯವೂ ಸೇರಿ, 28 ಗಂಟೆ. ಕೆಲವು ಪೈಲಟ್‌ಗಳು ಹಾರಾಟದ ನಡುವೆ ಗಾಬರಿ ಹಬ್ಬದಿರಲೆಂದು ಉಪಕರಣದಲ್ಲಿ ಸಣ್ಣ ದೋಷವಿದೆ ಎಂದಷ್ಟೇ ತಿಳಿಸಿದ್ದರು. ಕೆಳಗಿಳಿದ ಮೇಲೆ ಕಿಟಕಿಯಿಂದ ಕಂಡದ್ದು ಜಗತ್ತಿನ ಬೇರೆ ಬೇರೆ ದೇಶಗಳ ವಿಮಾನಗಳ ಸಾಲು. ಮೊಬೈಲ್ ಫೋನುಗಳು ಬಹಳ ಮಂದಿಗೆ ಕೆಲಸ ಮಾಡಲಿಲ್ಲ. ಸುದ್ದಿ ತುಂಡು ತುಂಡಾಗಿ ಬರುತ್ತಿತ್ತು, ಅದರಲ್ಲಿ ನಿಜವೆಷ್ಟು ವದಂತಿಯೆಷ್ಟು ಎಂದು ಬೇರ್ಪಡಿಸುವ ದಾರಿ ಇರಲಿಲ್ಲ.

ಕೊನೆಗೂ ಹೊರಬಂದಾಗ ಅವರ ಕೈಯಲ್ಲಿದ್ದದ್ದು ಕೈಚೀಲ ಮಾತ್ರ. ಭದ್ರತೆಯ ಕಾರಣದಿಂದ ಲಗೇಜನ್ನು ವಿಮಾನದ ಒಡಲಿನಿಂದ ಇಳಿಸಲಿಲ್ಲ. ಈ ಒಂದು ಅಂಶದ ಮೇಲೆ ಪ್ರಕರಣದ ಬಹುಭಾಗ ನಿಂತಿದೆ. ಬಂದವರಲ್ಲಿ ದೊಡ್ಡ ಹುದ್ದೆಯವರಿದ್ದರು, ಸಾಧಾರಣ ಸಂಬಳದವರಿದ್ದರು, ವೃದ್ಧರಿದ್ದರು, ಹಾಲು ಕುಡಿಯುವ ಕೂಸುಗಳಿದ್ದವು. ಆದರೆ ಹಲ್ಲುಜ್ಜುವ ಬ್ರಷ್ ಯಾರಲ್ಲಿಯೂ ಇರಲಿಲ್ಲ, ಬದಲಿಸಲು ಒಳಉಡುಪು ಇರಲಿಲ್ಲ. ಅಂಥ ಸ್ಥಿತಿಯಲ್ಲಿ ಹಣವಂತನೂ ಕೈಚಾಚಲೇಬೇಕಾಗುತ್ತದೆ. ದಾನ ಪಡೆದು ಅಭ್ಯಾಸವೇ ಇಲ್ಲದ ಸಾವಿರಾರು ಜನ ಒಮ್ಮೆಗೇ ಪಡೆಯುವವರಾದರು.

ಊರು ಮಾಡಿದ್ದು

ಮೊದಲು ದೊಡ್ಡ ವ್ಯವಸ್ಥೆಯ ಮಾತು. ಊರಿನ ಹೋಟೆಲ್ ಕೋಣೆಗಳನ್ನೆಲ್ಲ ಪೈಲಟ್‌ಗಳಿಗೆ ಮತ್ತು ವಿಮಾನ ಸಿಬ್ಬಂದಿಗೆ ಮೀಸಲಿಟ್ಟರು, ಏಕೆಂದರೆ ಅನುಮತಿ ಸಿಕ್ಕ ಗಳಿಗೆಯಲ್ಲಿ ವಿಮಾನ ಹಾರಿಸಬೇಕಾದವರಿಗೆ ನಿದ್ದೆ ಬೇಕಿತ್ತು. ಪ್ರಯಾಣಿಕರನ್ನು ಶಾಲೆಗಳಿಗೆ, ಚರ್ಚುಗಳಿಗೆ, ಸಂಘಸಂಸ್ಥೆಗಳ ಸಭಾಂಗಣಗಳಿಗೆ ಹಂಚಿದರು. ಗ್ಯಾಂಡರ್‌ನಲ್ಲಿ ಜಾಗ ಸಾಲದೆ ಹೋದಾಗ ಗ್ಯಾಂಬೊ, ಆ್ಯಪಲ್‌ಟನ್, ಗ್ಲೆನ್‌ವುಡ್, ಲೂಯಿಸ್‌ಪೋರ್ಟ್, ನಾರಿಸ್ ಆರ್ಮ್ ಮುಂತಾದ ಅಕ್ಕಪಕ್ಕದ ಊರುಗಳಿಗೂ ಕಳುಹಿಸಿದರು. ಶಾಲಾ ಬಸ್ಸುಗಳ ಚಾಲಕರು ಆಗ ಮುಷ್ಕರದಲ್ಲಿದ್ದರು. ಮುಷ್ಕರವನ್ನು ಬದಿಗಿಟ್ಟು ಬಸ್ಸು ಹತ್ತಿದರು. ಮನೆಮನೆಗಳಿಂದ ಬಂದ ಅಡುಗೆ ಕೆಡದಂತೆ ಇಡಲು ಊರಿನ ಐಸ್‌ಹಾಕಿ ಆಟದ ಮಂಜುಗಡ್ಡೆಯ ಅಂಗಳವೇ ಶೀತಲಗೃಹವಾಯಿತು. ರೆಡ್‌ಕ್ರಾಸ್ ಮತ್ತು ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಸ್ವಯಂಸೇವಕರು ಯಾರು ಎಲ್ಲಿದ್ದಾರೆಂಬ ಲೆಕ್ಕ ಇಟ್ಟರು. ಒಂದು ವಿಮಾನದವರನ್ನು ಸಾಧ್ಯವಾದಷ್ಟೂ ಒಟ್ಟಿಗೇ ಇರಿಸಿದ್ದು ಮುಖ್ಯವಾದ ನಿರ್ಧಾರ. ಅದರ ಫಲವನ್ನು ಮುಂದೆ ನೋಡೋಣ.

ಇಷ್ಟರ ಮಟ್ಟಿಗೆ ಇದು ಒಳ್ಳೆಯ ತುರ್ತು ಆಡಳಿತದ ಉದಾಹರಣೆ. ಆದರೆ ಪ್ರಯಾಣಿಕರು ವರ್ಷಗಳ ನಂತರವೂ ನೆನೆಯುವುದು ಮಂಚ, ಹೊದಿಕೆ, ಊಟದ ಸಂಖ್ಯೆಯನ್ನಲ್ಲ. ಅವರು ಹೇಳುವುದು ಇವುಗಳ ಅಂಚಿನಲ್ಲಿ, ಯಾರೂ ಆದೇಶಿಸದೆ, ಒಬ್ಬೊಬ್ಬರೇ ಮಾಡಿದ ಕೆಲಸಗಳನ್ನು.

ದೂರವಾಣಿಯ ವಿಷಯ ನೋಡಿ. ಬಂದಿಳಿದವರಿಗೆ ಅನ್ನನೀರಿಗಿಂತ ಮೊದಲು ಬೇಕಿದ್ದದ್ದು ಮನೆಯವರ ಜೊತೆ ಎರಡು ಮಾತು. ತಾವು ಬದುಕಿದ್ದೇವೆ ಎಂದು ತಿಳಿಸಬೇಕಿತ್ತು. ನ್ಯೂಯಾರ್ಕ್‌ನಲ್ಲಿದ್ದವರು ಬದುಕಿದ್ದಾರೆಯೆ ಎಂದು ತಿಳಿಯಬೇಕಿತ್ತು. ಅಲ್ಲಿನ ದೂರವಾಣಿ ಸಂಸ್ಥೆಯವರು ಮೇಜುಗಳನ್ನು ಸಾಲಾಗಿ ಹಾಕಿ, ಫೋನುಗಳನ್ನು ಜೋಡಿಸಿ, ಜಗತ್ತಿನ ಯಾವ ಮೂಲೆಗೆ ಬೇಕಾದರೂ ಉಚಿತವಾಗಿ ಮಾತನಾಡಲು ಬಿಟ್ಟರು. ಎರಡು ದಿನದಿಂದ ಒಂದೇ ಬಟ್ಟೆಯಲ್ಲಿದ್ದವರು ಆ ಸಾಲಿನಲ್ಲಿ ನಿಂತು, ಮುಂದಿನವರ ಮಾತು ಕಿವಿಗೆ ಬಿದ್ದರೂ ಬೀಳದವರಂತೆ ಮುಖ ತಿರುಗಿಸಿಕೊಂಡು, ತಮ್ಮ ಸರದಿಗಾಗಿ ಕಾಯುತ್ತಿದ್ದರು. ಸಂಸ್ಥೆ ಕೊಟ್ಟದ್ದು ಕೆಲವು ತಂತಿ, ಕೆಲವು ಫೋನು. ಪಡೆದವರ ಪಾಲಿಗೆ ಆ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡದೊಂದು ಇರಲಿಲ್ಲ.

ಔಷಧಿ ಅಂಗಡಿಗಳ ಕೆಲಸ ಇದಕ್ಕಿಂತ ಸೂಕ್ಷ್ಮವಾದದ್ದು. ರಕ್ತದೊತ್ತಡದ ಗುಳಿಗೆ, ಸಕ್ಕರೆ ಕಾಯಿಲೆಯ ಔಷಧಿ, ಹೃದಯದ ಮಾತ್ರೆ ಎಲ್ಲವೂ ವಿಮಾನದ ಒಡಲಿನಲ್ಲಿದ್ದ ಪೆಟ್ಟಿಗೆಗಳೊಳಗೆ ಸಿಕ್ಕಿಕೊಂಡಿದ್ದವು. ಒಂದೇ ಔಷಧಿ ಒಂದೊಂದು ದೇಶದಲ್ಲಿ ಒಂದೊಂದು ಹೆಸರಿನಲ್ಲಿ ಮಾರಾಟವಾಗುತ್ತದೆ. ಅನೇಕರಿಗೆ ತಾವು ನುಂಗುವ ಗುಳಿಗೆಯ ಬಣ್ಣ ಗೊತ್ತು, ಹೆಸರು ಗೊತ್ತಿಲ್ಲ. ಅಲ್ಲಿನ ಫಾರ್ಮಸಿಸ್ಟ್‌ಗಳು ಹಗಲುರಾತ್ರಿ ಕುಳಿತು, ಬೇರೆ ಬೇರೆ ದೇಶಗಳ ವೈದ್ಯರಿಗೆ ಮತ್ತು ಔಷಧಿ ಅಂಗಡಿಗಳಿಗೆ ಫೋನು ಮಾಡಿ, ಪ್ರತಿಯೊಬ್ಬರ ಔಷಧಿ ಯಾವುದು, ಪ್ರಮಾಣ ಎಷ್ಟು ಎಂದು ಖಚಿತಪಡಿಸಿಕೊಂಡು, ಹಣ ತೆಗೆದುಕೊಳ್ಳದೆ ಕೊಟ್ಟರು. ಗುಳಿಗೆಯ ಬೆಲೆಗಿಂತ ಅದರ ಹಿಂದಿನ ಆ ಹುಡುಕಾಟವೇ ಇಲ್ಲಿಯ ನಿಜವಾದ ಉಪಕಾರ ಎಂದು ನನಗೆ ಅನ್ನಿಸುತ್ತದೆ. ಗೊತ್ತಿರದ ಒಬ್ಬರ ದೇಹಸ್ಥಿತಿಯ ವಿವರವನ್ನು ಇನ್ನೊಬ್ಬರು ಅಷ್ಟು ಶ್ರದ್ಧೆಯಿಂದ ಕೇಳಿ ತಿಳಿದುಕೊಂಡರು.

ಯಾರ ಗಮನಕ್ಕೂ ಬಾರದೆ ಉಳಿದವು ಪ್ರಾಣಿಗಳು. ವಿಮಾನಗಳ ಸರಕಿನ ವಿಭಾಗದಲ್ಲಿ ನಾಯಿಗಳು, ಬೆಕ್ಕುಗಳು, ಒಹಾಯೊದ ಕೊಲಂಬಸ್ ಮೃಗಾಲಯಕ್ಕೆ ಹೊರಟಿದ್ದ ಎರಡು ಬೊನೊಬೊ ವಾನರಗಳು ಇದ್ದವು. ಪ್ರಾಣಿದಯಾ ಸಂಘದ ಕೆಲವೇ ಕಾರ್ಯಕರ್ತರು ಈ ಸಂಗತಿಯನ್ನು ಕೇಳಿ ತಿಳಿದು, ಒಳಹೋಗಲು ಒತ್ತಾಯಿಸಿ ಅನುಮತಿ ಪಡೆದು, ಕತ್ತಲೆಯಲ್ಲಿ ಪೆಟ್ಟಿಗೆಗಳ ನಡುವೆ ತೆವಳಿಕೊಂಡು ಹೋಗಿ ನೀರು, ಆಹಾರ ಕೊಟ್ಟರು. ಮೂರ್ಛೆರೋಗಕ್ಕೆ ಔಷಧಿ ಬೇಕಿದ್ದ ಒಂದು ಬೆಕ್ಕನ್ನೂ ಅವರು ನೋಡಿಕೊಂಡರು. ಕೃತಜ್ಞತೆ ಹೇಳಲು ಬಾಯಿಲ್ಲದ ಜೀವಗಳಿಗೆ ಮಾಡಿದ ಈ ಸೇವೆ ಉಳಿದೆಲ್ಲವುಗಳ ಪ್ರಾಮಾಣಿಕತೆಗೆ ಸಾಕ್ಷಿಯಂತಿದೆ.

ಉಳಿದವನ್ನು ಬೇಗನೆ ಹೇಳಿಬಿಡಬಹುದು. ಸ್ನಾನಕ್ಕೆ ಬನ್ನಿ ಎಂದು ಮನೆಗೆ ಕರೆದೊಯ್ದರು, ಟವೆಲ್ ಕೊಟ್ಟರು, ತಮ್ಮ ಕಾರಿನ ಕೀಲಿ ಕೊಟ್ಟರು. ಬಟ್ಟೆ ಒಗೆಯುವ ಅಂಗಡಿಗೆ ಹೋಗಿಬರಲು ಟೋಕನ್ ಹಂಚಿದರು. ಆರೋಗ್ಯದ ತೊಂದರೆ ಇದ್ದ ವೃದ್ಧರನ್ನು ಶಾಲೆಯ ನೆಲದ ಮೇಲೆ ಮಲಗಿಸದೆ ಮನೆಗಳಲ್ಲಿ ಇರಿಸಿಕೊಂಡರು. ತುಂಬು ಗರ್ಭಿಣಿಯೊಬ್ಬರಿಗೆ ಆಸ್ಪತ್ರೆಯ ಎದುರಿನ ಮನೆಯಲ್ಲಿಯೇ ಜಾಗ ಮಾಡಿಕೊಟ್ಟರು. ಸುಮ್ಮನೆ ಕೂತು ಟಿವಿ ನೋಡಿ ಕಂಗೆಡುತ್ತಿದ್ದವರನ್ನು ದೋಣಿಯಲ್ಲಿ ಕೂರಿಸಿಕೊಂಡು ಸುತ್ತಾಡಿಸಿ ತಂದರು.

ಎಲ್ಲ ಕಷ್ಟಕ್ಕೂ ಪರಿಹಾರ ಸಿಕ್ಕಿತೆಂದು ಇದರ ಅರ್ಥವಲ್ಲ. ಡಬ್ಲಿನ್‌ನಿಂದ ಬಂದ ವಿಮಾನದಲ್ಲಿದ್ದ ಒಬ್ಬ ತಾಯಿಯ ಮಗ ನ್ಯೂಯಾರ್ಕ್‌ನ ಅಗ್ನಿಶಾಮಕ ದಳದವರು. ಗೋಪುರಗಳಿಗೆ ರಕ್ಷಣೆಗೆಂದು ಹೋದವರು ಹಿಂದಿರುಗಿರಲಿಲ್ಲ. ಆಕೆ ಫೋನಿನ ಬಳಿಯಿಂದ ಕದಲಲು ಒಪ್ಪುತ್ತಿರಲಿಲ್ಲ. ಗ್ಯಾಂಡರ್‌ನ ಒಬ್ಬ ಮಹಿಳೆ, ಆಕೆಯ ಮಗನೂ ಅಗ್ನಿಶಾಮಕ ಕಾರ್ಯಕರ್ತನೇ, ಆ ತಾಯಿಯ ಪಕ್ಕದಲ್ಲಿ ಬಂದು ಕುಳಿತರು. ಸಮಾಧಾನ ಹೇಳಿದರು, ಮಾತು ಬೇಡವಾದಾಗ ಸುಮ್ಮನಿದ್ದರು, ನಗಿಸಲು ಸಾಧ್ಯವಾದಾಗ ನಗಿಸಿದರು. ಆ ಮಗ ಬದುಕಿ ಬರಲಿಲ್ಲ. ಉಪಕಾರದಿಂದ ಪರಿಸ್ಥಿತಿ ಎಳ್ಳಷ್ಟೂ ಬದಲಾಗಲಿಲ್ಲ. ಆದರೆ ಆ ಇಬ್ಬರು ತಾಯಂದಿರ ಸ್ನೇಹ ಮುಂದಿನ ವರ್ಷಗಳಲ್ಲಿಯೂ ಮುಂದುವರಿಯಿತು. ಇಡೀ ಪ್ರಕರಣದಲ್ಲಿ ಇದಕ್ಕಿಂತ ತೂಕದ ಘಟನೆ ನನಗೆ ಕಂಡಿಲ್ಲ. ನೆರವಿನ ಅಳತೆಯನ್ನು ಅದರ ಫಲದಿಂದ ನಿರ್ಧರಿಸುವವರು ಈ ಭೇಟಿಯನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೋ ತಿಳಿಯದು.

ತೀರಿಸಲು ಬಿಡದ ಋಣ

ವಿಮಾನಗಳು ಒಂದೊಂದಾಗಿ ಹೊರಡತೊಡಗಿದಾಗ ಪ್ರಯಾಣಿಕರು ಹಣ ಕೊಡಲು ಮುಂದಾದರು. ಊರಿನವರು ತೆಗೆದುಕೊಳ್ಳಲಿಲ್ಲ. ಕೆಲವರು ಸಲಹಾ ಪೆಟ್ಟಿಗೆಗಳಲ್ಲಿ ನೋಟು ತುರುಕಿ ಹೋದರು. ತಾವು ಮಾಡಿದ್ದರಲ್ಲಿ ವಿಶೇಷವೇನೂ ಇಲ್ಲ, ನಮ್ಮ ಜಾಗದಲ್ಲಿದ್ದರೆ ನೀವೂ ಇದನ್ನೇ ಮಾಡುತ್ತಿದ್ದಿರಿ ಎಂಬ ಅರ್ಥದ ಮಾತನ್ನು ಆ ಊರಿನವರು ಅಂದಿನಿಂದ ಪದೇ ಪದೇ ಹೇಳುತ್ತ ಬಂದಿದ್ದಾರೆ. ಈ ಪ್ರಕರಣದ ತಿರುಳು ನನ್ನ ದೃಷ್ಟಿಯಲ್ಲಿ ಇರುವುದು ಇಲ್ಲಿ. ಅವರು ಹಣ ಸ್ವೀಕರಿಸಿದ್ದರೆ ಆ ಐದು ದಿನಗಳು ಒಂದು ವಾಸ್ತವ್ಯವಾಗಿ ಮುಗಿದುಹೋಗುತ್ತಿದ್ದವು. ಕೊಟ್ಟದ್ದಕ್ಕೆ ತಕ್ಕ ಬೆಲೆ ತೆತ್ತ ನೆಮ್ಮದಿಯಿಂದ ಎಲ್ಲರೂ ಮನೆ ಸೇರುತ್ತಿದ್ದರು. ಸ್ವೀಕರಿಸದೆ ಹೋದದ್ದರಿಂದ ಋಣ ಹಾಗೆಯೇ ಉಳಿಯಿತು, ಮತ್ತು ಉಳಿದ ಋಣ ತನಗೆ ತಾನೇ ದಾರಿ ಹುಡುಕಿಕೊಂಡಿತು.

ಮೊದಲ ದಾರಿ ತೆರೆದದ್ದು ಆಕಾಶದಲ್ಲಿಯೇ. ಫ್ರಾಂಕ್‌ಫರ್ಟ್‌ನಿಂದ ಅಟ್ಲಾಂಟಾಕ್ಕೆ ಹೊರಟಿದ್ದ ಡೆಲ್ಟಾ ಸಂಸ್ಥೆಯ ‘ಡೆಲ್ಟಾ 15’ ಎಂಬ ವಿಮಾನದ 218 ಪ್ರಯಾಣಿಕರು ಲೂಯಿಸ್‌ಪೋರ್ಟ್‌ನಲ್ಲಿ ತಂಗಿದ್ದರು. ಮರಳುವ ಹಾರಾಟದಲ್ಲಿ ಅವರೆಲ್ಲ ಹಳೆಯ ಪರಿಚಿತರಂತೆ ಹೆಸರು ಹಿಡಿದು ಕರೆದುಕೊಳ್ಳುತ್ತಿದ್ದರು. ಪ್ರಯಾಣಿಕರೊಬ್ಬರು ಧ್ವನಿವರ್ಧಕದಲ್ಲಿ ಮಾತನಾಡಲು ಸಿಬ್ಬಂದಿಯ ಅನುಮತಿ ಕೇಳಿದರು. ಸಾಮಾನ್ಯವಾಗಿ ಅದಕ್ಕೆ ಅವಕಾಶವಿಲ್ಲ; ಅಂದು ಕೊಟ್ಟರು. ಲೂಯಿಸ್‌ಪೋರ್ಟ್‌ನ ಮಕ್ಕಳ ಕಾಲೇಜು ಶಿಕ್ಷಣಕ್ಕಾಗಿ ಒಂದು ನಿಧಿ ಸ್ಥಾಪಿಸೋಣ ಎಂಬ ಸಲಹೆ ಬಂತು, ಹಾಳೆಗಳು ಆಸನದಿಂದ ಆಸನಕ್ಕೆ ಸಾಗಿದವು, ವಿಮಾನ ಇಳಿಯುವ ಹೊತ್ತಿಗೆ ಸುಮಾರು 15,000 ಡಾಲರ್ ಕೊಡುವ ವಾಗ್ದಾನಗಳು ಅವುಗಳ ಮೇಲೆ ಇದ್ದವು. ಒಂದು ವಿಮಾನದವರನ್ನು ಚದುರಿಸದೆ ಒಂದೇ ಊರಿನಲ್ಲಿ ಇರಿಸಿದ ನಿರ್ಧಾರದ ಫಲ ಇದು. ಒಬ್ಬೊಬ್ಬರಾಗಿ ಮರಳಿದ್ದರೆ ಒಬ್ಬೊಬ್ಬರೂ ಮನೆಯಲ್ಲಿ ಕೂತು ಪತ್ರ ಬರೆಯುತ್ತಿದ್ದರು. ಒಟ್ಟಿಗೆ ಮರಳಿದ್ದರಿಂದ ಒಂದು ಸಂಸ್ಥೆ ಹುಟ್ಟಿತು. ಆ ನಿಧಿ ಮುಂದಿನ ವರ್ಷಗಳಲ್ಲಿ ಹತ್ತು ಲಕ್ಷ ಡಾಲರ್ ದಾಟಿತು, ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಟ್ಟಿತು. ಆ ಪ್ರಯಾಣಿಕರಿಗೆ ಊಟ ಬಡಿಸಿದವರಿಗೆ ನೇರವಾಗಿ ಏನೂ ಸಲ್ಲಲಿಲ್ಲ. ಅವರು ಬೇಡವೆಂದದ್ದು ಅವರ ಊರಿನ ಮಕ್ಕಳಿಗೆ ಸಂದಿತು.

ಎರಡನೆಯ ದಾರಿ ಇನ್ನೂ ದೂರ ಹೋಗುತ್ತದೆ. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಸಣ್ಣ ಸಂಸ್ಥೆಯೊಂದನ್ನು ನಡೆಸುತ್ತಿದ್ದ ಒಬ್ಬ ಪ್ರಯಾಣಿಕರು 2002ರ ಸೆಪ್ಟೆಂಬರ್ 11ರಂದು ತಮ್ಮ ಕಚೇರಿಯ ಕೆಲಸ ನಿಲ್ಲಿಸಿ, ನೌಕರರನ್ನು ತಂಡಗಳಾಗಿ ಮಾಡಿ, ಪ್ರತಿ ತಂಡಕ್ಕೂ 100 ಡಾಲರ್ ಕೊಟ್ಟು, ಅದನ್ನು ಅಪರಿಚಿತರಿಗಾಗಿ ಖರ್ಚು ಮಾಡಿ ಬನ್ನಿ ಎಂದು ಕಳುಹಿಸಿದರು. ಗ್ಯಾಂಡರ್‌ನ ಋಣ ಗ್ಯಾಂಡರ್‌ಗೇ ಸಲ್ಲಬೇಕೆಂಬ ನಿಯಮವನ್ನು ಅವರು ಕೈಬಿಟ್ಟಿದ್ದರು. ಆ ಪದ್ಧತಿ ಪ್ರತಿವರ್ಷ ಮುಂದುವರಿದು ಹೊರಗಿನವರಿಗೂ ಹಬ್ಬಿತು.

ಸಂಸ್ಥೆಗಳೂ ತಮ್ಮ ಮಟ್ಟಿಗೆ ಕೃತಜ್ಞತೆ ಸಲ್ಲಿಸಿದವು. ಜರ್ಮನಿಯ ವಿಮಾನಯಾನ ಸಂಸ್ಥೆ ಲುಫ್ತಾನ್ಸಾ 2002ರಲ್ಲಿ ತನ್ನ ಒಂದು ಏರ್‌ಬಸ್ ಎ340 ವಿಮಾನಕ್ಕೆ ಗ್ಯಾಂಡರ್ ಮತ್ತು ಅಂದು ವಿಮಾನಗಳನ್ನು ಬರಮಾಡಿಕೊಂಡಿದ್ದ ಕೆನಡಾದ ಇನ್ನೊಂದು ನಗರವಾದ ಹ್ಯಾಲಿಫ್ಯಾಕ್ಸ್‌ಗಳ ಹೆಸರಿಟ್ಟಿತು. ಮೊದಲ ವಾರ್ಷಿಕ ದಿನದಂದು ಕೆನಡಾದ ಪ್ರಧಾನಿ ಜಾನ್ ಕ್ರೆಟಿಯೆನ್ ಗ್ಯಾಂಡರ್‌ಗೆ ಬಂದು ಊರಿನವರಿಗೆ ಧನ್ಯವಾದ ಹೇಳಿದರು. ವಿಶ್ವ ವಾಣಿಜ್ಯ ಕೇಂದ್ರದ ಉಕ್ಕಿನ ಒಂದು ತುಂಡು ಈಗ ಗ್ಯಾಂಡರ್‌ನ ವಿಮಾನಯಾನ ವಸ್ತುಸಂಗ್ರಹಾಲಯದಲ್ಲಿದೆ. ಗ್ಯಾಂಬೊದಲ್ಲಿ ತಂಗಿದ್ದಾಗ ಪರಿಚಯವಾದ ಇಂಗ್ಲೆಂಡಿನ ಒಬ್ಬ ಪುರುಷ ಮತ್ತು ಟೆಕ್ಸಾಸ್‌ನ ಒಬ್ಬ ಮಹಿಳೆ ಮರುವರ್ಷ ಮದುವೆಯಾದರು. ಅದನ್ನು ಕೃತಜ್ಞತೆಯ ಲೆಕ್ಕಕ್ಕೆ ಸೇರಿಸಲಾಗದು, ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ವಿಶ್ಲೇಷಣೆ

ಇಷ್ಟು ಸಣ್ಣ ಕೆಲಸಗಳು ಇಷ್ಟು ದೀರ್ಘವಾದ ಕೃತಜ್ಞತೆಯನ್ನು ಹೇಗೆ ಹುಟ್ಟಿಸಿದವು? ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪ್ರಯೋಗಗಳು ಒಂದು ಸುಳಿವು ಕೊಡುತ್ತವೆ. ಚಳಿಗಾಲದಲ್ಲಿ ಐಸ್ ಸ್ಕೇಟಿಂಗ್ ಅಂಗಳಕ್ಕೆ ಬಂದವರ ಕೈಯಲ್ಲಿ ಅಪರಿಚಿತರಿಗೆ ಬಿಸಿ ಚಾಕೊಲೇಟ್ ಪಾನೀಯ ಕೊಡಿಸಿದಾಗ, ಅದು ಪಡೆದವರಿಗೆ ಎಷ್ಟು ಸಂತೋಷ ತಂದೀತು ಎಂಬುದನ್ನು ಕೊಟ್ಟವರು ಕಡಿಮೆ ಅಂದಾಜು ಮಾಡಿದ್ದರು. ಕೊಡುವವರ ಲಕ್ಷ್ಯ ವಸ್ತುವಿನ ಮೇಲಿರುತ್ತದೆ, ಪಡೆಯುವವರ ಲಕ್ಷ್ಯ ಅದರೊಡನೆ ಬಂದ ಆತ್ಮೀಯತೆಯ ಮೇಲಿರುತ್ತದೆ ಎಂಬುದು ಅವರು ಕಂಡುಕೊಂಡ ಕಾರಣ. ಗ್ಯಾಂಡರ್‌ನವರು ‘ನಾವೇನು ಮಾಡಿದೆವು, ಒಂದಿಷ್ಟು ಊಟ, ಒಂದು ಸ್ನಾನ’ ಎಂದು ಸಂಕೋಚಪಡುವುದೂ, ಪ್ರಯಾಣಿಕರು ಆ ಸ್ನಾನದ ವಿಷಯ ಹೇಳುತ್ತ ಕಣ್ಣು ತುಂಬಿಕೊಳ್ಳುವುದೂ ಇದರ ಬೆಳಕಿನಲ್ಲಿ ಅರ್ಥವಾಗುತ್ತವೆ. ಇಬ್ಬರೂ ಹೇಳುವುದು ನಿಜವೇ. ಒಬ್ಬರು ಖರ್ಚಾದದ್ದನ್ನು ಎಣಿಸುತ್ತಾರೆ, ಇನ್ನೊಬ್ಬರು ಸಿಕ್ಕದ್ದನ್ನು.

ಎರಡನೆಯ ಪ್ರಶ್ನೆ ಇನ್ನೂ ಕಠಿಣವಾದದ್ದು. ಒಬ್ಬರಿಂದ ಪಡೆದ ಉಪಕಾರಕ್ಕೆ ಬೇರೊಬ್ಬರಿಗೆ ಒಳಿತು ಮಾಡುವುದೇಕೆ? 2006ರಲ್ಲಿ ಮೋನಿಕಾ ಬಾರ್ಟ್ಲೆಟ್ ಮತ್ತು ಡೇವಿಡ್ ಡೆಸ್ಟೆನೊ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸರದ ಕೆಲಸವೊಂದನ್ನು ಮುಗಿಸಿದವರ ಕಂಪ್ಯೂಟರ್ ಕೆಟ್ಟುಹೋದಂತೆ ಮಾಡಿ, ಪಕ್ಕದವರೊಬ್ಬರು ಅದನ್ನು ಸರಿಪಡಿಸಿಕೊಡುವಂತೆ ಏರ್ಪಡಿಸಲಾಗಿತ್ತು. ಹಾಗೆ ಕೃತಜ್ಞರಾದವರು ಸಹಾಯ ಮಾಡಿದವರಿಗೆ ಮಾತ್ರವಲ್ಲ, ಆಮೇಲೆ ಎದುರಾದ ಸಂಬಂಧವಿಲ್ಲದ ವ್ಯಕ್ತಿಗೂ ಉಳಿದವರಿಗಿಂತ ಹೆಚ್ಚು ನೆರವಾದರು. ಆದರೆ ತಮ್ಮ ಆ ಭಾವಕ್ಕೆ ಕಾರಣ ಮೊದಲಿನ ಉಪಕಾರ ಎಂಬುದನ್ನು ಅವರಿಗೆ ನೆನಪಿಸಿಕೊಟ್ಟಾಗ, ಸಂಬಂಧವಿಲ್ಲದವರಿಗೆ ಸಿಗುತ್ತಿದ್ದ ಆ ಹೆಚ್ಚಿನ ನೆರವು ಇಲ್ಲವಾಯಿತು.

ಈ ಕೊನೆಯ ಅಂಶವನ್ನು ಗ್ಯಾಂಡರ್ ಪ್ರಕರಣದ ಪಕ್ಕದಲ್ಲಿಟ್ಟು ನೋಡಬೇಕು. ಪ್ರಯೋಗಾಲಯದಲ್ಲಿ, ಯಾರಿಗೆ ಋಣಿ ಎಂಬುದು ಅರಿವಿಗೆ ಬಂದೊಡನೆ ಬೇರೆಯವರತ್ತ ಹರಿಯುತ್ತಿದ್ದ ಕೃತಜ್ಞತೆ ನಿಂತುಹೋಗುತ್ತದೆ. ಆಸ್ಟಿನ್‌ನ ಆ ಪ್ರಯಾಣಿಕರಿಗೆ ತಾವು ಯಾರಿಗೆ ಋಣಿ ಎಂಬುದು ಬಹಳ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೇ, ಬೇರೆಯವರಿಗೆ ಕೊಟ್ಟರು, ಅದೂ ವರ್ಷ ಕಳೆದ ಮೇಲೆ, ಮತ್ತೆ ಮತ್ತೆ. ಕ್ಷಣಿಕವಾದ ಭಾವದ ಒತ್ತಡದಿಂದ ಇದನ್ನು ವಿವರಿಸಲಾಗದು. ಇದು ಯೋಚಿಸಿ ಮಾಡಿದ ತೀರ್ಮಾನ. ಪದ್ಧತಿಯಾಗಿ, ನಿಧಿಯಾಗಿ, ದಿನಾಂಕವಾಗಿ ರೂಪ ಪಡೆದ ತೀರ್ಮಾನ. ಕೃತಜ್ಞತೆ ಭಾವವಾಗಿ ಉಳಿದರೆ ಬೇಗ ಆರಿಹೋಗುತ್ತದೆ ಎಂಬುದೂ, ಯಾರಾದರೂ ಎದ್ದುನಿಂತು ಅದಕ್ಕೊಂದು ಹಾಳೆ, ಒಂದು ಲೆಕ್ಕಪುಸ್ತಕ, ವರ್ಷಕ್ಕೊಮ್ಮೆಯ ಒಂದು ದಿನ ಒದಗಿಸಿದರೆ ದಶಕಗಳ ಕಾಲ ಬಾಳುತ್ತದೆ ಎಂಬುದೂ ಈ ಪ್ರಕರಣದಿಂದ ತಿಳಿದುಬರುತ್ತದೆ. ಡೆಲ್ಟಾ 15ರಲ್ಲಿ ಧ್ವನಿವರ್ಧಕ ಕೇಳಿದವರು ಮಾಡಿದ್ದು ಇದನ್ನೇ.

ನ್ಯೂಫೌಂಡ್‌ಲ್ಯಾಂಡಿನವರು ಹುಟ್ಟಿನಿಂದಲೇ ಒಳ್ಳೆಯವರು ಎಂಬ ವಿವರಣೆ ಬಹಳ ಪ್ರಚಾರದಲ್ಲಿದೆ. ಆ ವಿವರಣೆ ಅವರಿಗೆ ಗೌರವ ತಂದರೂ ಉಳಿದವರನ್ನು ಹೊಣೆಯಿಂದ ಬಿಡುಗಡೆ ಮಾಡಿಬಿಡುತ್ತದೆ ಎಂಬುದು ನನ್ನ ಆಕ್ಷೇಪ. ಅವರ ಔದಾರ್ಯಕ್ಕೆ ಆಸರೆಯಾದ ಸ್ಥಿತಿಗಳು ಕಣ್ಣೆದುರಿಗೇ ಇವೆ. ಊರು ಸಣ್ಣದು, ಆದ್ದರಿಂದ ಬೇರೆ ಯಾರಾದರೂ ನೋಡಿಕೊಂಡಾರು ಎಂದು ಯಾರೂ ಸುಮ್ಮನಿರುವಂತಿರಲಿಲ್ಲ. ಬಂದವರ ಕೊರತೆ ಏನೆಂಬುದು ನೋಡಿದೊಡನೆ ತಿಳಿಯುತ್ತಿತ್ತು, ಮತ್ತು ಅದನ್ನು ತುಂಬಿಸಲು ಬೇಕಾದದ್ದು ಪ್ರತಿ ಮನೆಯಲ್ಲಿಯೂ ಇತ್ತು: ಸೋಪು, ಹೊದಿಕೆ, ಬಿಸಿನೀರು. ಹೊಟ್ಟೆ, ಹಾಸಿಗೆಗಳ ಹೊಣೆಯನ್ನು ಆಡಳಿತ ಹೊತ್ತಿದ್ದರಿಂದ ನೆರೆಹೊರೆಯವರಿಗೆ ಉಳಿದದ್ದು ಮನುಷ್ಯರನ್ನು ಮನುಷ್ಯರಂತೆ ಕಾಣುವ ಕೆಲಸ. ಹ್ಯಾಲಿಫ್ಯಾಕ್ಸ್ ನಗರ ಗ್ಯಾಂಡರ್‌ಗಿಂತ ಹೆಚ್ಚು ವಿಮಾನಗಳನ್ನು ಬರಮಾಡಿಕೊಂಡಿತ್ತು, ಅಲ್ಲಿಯ ಜನರೂ ಮನೆ ಬಾಗಿಲು ತೆರೆದಿದ್ದರು. ಆದರೆ ದೊಡ್ಡ ನಗರದಲ್ಲಿ ಸಾವಿರಾರು ಅತಿಥಿಗಳು ಕರಗಿಹೋಗುತ್ತಾರೆ, ಗ್ಯಾಂಡರ್‌ನಲ್ಲಿ ಹತ್ತು ಜನಕ್ಕೆ ಆರು ಅತಿಥಿಗಳಿಗಿಂತ ಹೆಚ್ಚಿದ್ದರು. ಸುದ್ದಿಯಾದದ್ದು ಚಿಕ್ಕ ಊರು. ಹ್ಯಾಲಿಫ್ಯಾಕ್ಸ್‌ನವರ ಉಪಕಾರವೇನೂ ಕಿರಿದಲ್ಲ.

ಇನ್ನೊಂದು ಮಿತಿಯನ್ನು ಎದುರಿಸದೆ ಈ ಅಧ್ಯಯನವನ್ನು ಮುಗಿಸುವುದು ಸರಿಯಲ್ಲ. ಬಂದವರು ಹೋಗುವವರೆಂಬುದು ಎಲ್ಲರಿಗೂ ಗೊತ್ತಿತ್ತು. ಅವರ ಕೈಯಲ್ಲಿ ಪಾಸ್‌ಪೋರ್ಟ್ ಇತ್ತು, ಹೊರಗೆ ವಿಮಾನ ನಿಂತಿತ್ತು, ದೂರದಲ್ಲಿ ಅವರಿಗಾಗಿ ಮನೆ ಕಾಯುತ್ತಿತ್ತು. ಐದು ದಿನ ಯಾರನ್ನಾದರೂ ಪ್ರೀತಿಯಿಂದ ನೋಡಿಕೊಳ್ಳಬಹುದು. ಮರಳಿ ಹೋಗಲು ಊರೇ ಇಲ್ಲದವರು, ಇಲ್ಲಿಯೇ ಇರಲು ಬಂದವರು, ಇದೇ ಸ್ಥಿತಿಯಲ್ಲಿ ಇದೇ ಶಾಲೆಯ ನೆಲದ ಮೇಲೆ ಮಲಗಿದ್ದರೆ ಆರನೆಯ ದಿನ, ಅರವತ್ತನೆಯ ದಿನ ಏನಾಗುತ್ತಿತ್ತು ಎಂಬುದಕ್ಕೆ ಈ ಪ್ರಕರಣದಲ್ಲಿ ಉತ್ತರವಿಲ್ಲ. ಅತಿಥಿಗೆ ಮಾಡುವ ಉಪಕಾರಕ್ಕೂ ನೆರೆಯವನಾಗಲು ಬಂದವನಿಗೆ ಮಾಡುವ ಉಪಕಾರಕ್ಕೂ ನಡುವೆ ದೊಡ್ಡ ಅಂತರವಿದೆ, ಮತ್ತು ಗ್ಯಾಂಡರ್‌ನ ಹೆಸರು ಹೇಳಿ ಆ ಅಂತರವನ್ನು ಮರೆಮಾಚುವುದನ್ನು ನಾನು ಒಪ್ಪಲಾರೆ.

ಈ ಪ್ರಶ್ನೆಯನ್ನು ಬರಹದಾಚೆಗೆ, ತಮ್ಮ ಬದುಕಿನಲ್ಲಿಯೇ ಎತ್ತಿಕೊಂಡವರಲ್ಲಿ ಆಸ್ಟಿನ್‌ನ ಅದೇ ಪ್ರಯಾಣಿಕರೂ ಇದ್ದಾರೆ. ಕೆಲವು ದಿನಗಳ ಮಟ್ಟಿಗೆ ತಾವೂ ನೆಲೆಯಿಲ್ಲದವರಾಗಿದ್ದೆವು, ಆಗ ತಮ್ಮನ್ನು ಯಾರೂ ಹೊರಗಿನವರೆಂದು ದೂರವಿಡಲಿಲ್ಲ ಎಂಬ ನೆನಪಿನ ಬಲದಿಂದ ಅವರು ಮುಂದಿನ ವರ್ಷಗಳಲ್ಲಿ ನಿರಾಶ್ರಿತರ ಪರವಾಗಿ ಮಾತನಾಡಲು, ಆಶ್ರಯ ಕೋರಿ ಅಮೆರಿಕಕ್ಕೆ ಬಂದವರಿಗೆ ನೆರವಾಗಲು ತೊಡಗಿದರು. ಗ್ಯಾಂಡರ್‌ನ ಋಣದ ಕಂತುಗಳಲ್ಲಿ ಎಲ್ಲಕ್ಕಿಂತ ಕಷ್ಟದ್ದು ಅದು, ಮತ್ತು ಅದನ್ನು ಅವರು ಇನ್ನೂ ಕಟ್ಟುತ್ತಲೇ ಇದ್ದಾರೆ.